ಕೊಳ್ಳುವ ಮುನ್ನ ಕೈಯಲ್ಲಿ ತಿರುಗಿಸಿ ನೋಡು

ತಮ್ಮಾ, ಗೇರು, ಬೆಲ್ಟು ಯಾವುದೂ ಇಲ್ಲದೆ ಮೋಟರಿನ ಶಾಫ್ಟಿಗೇ ಸ್ಟೀರಿಂಗ್ ಕೂರಿಸಿ ಮನೆಯಲ್ಲೇ ರೇಸ್ ಆಡಬೇಕೆಂದು ಹೊರಟಿದ್ದೀಯ. ಬಹಳ ಸಂತೋಷ. ಆದರೆ ಅಂಗಡಿಯಲ್ಲಿ ಮೊದಲು ವ್ಯಾಟ್ ಎಷ್ಟು, ಆರ್‌ಪಿಎಂ ಎಷ್ಟು ಎಂದು ಕೇಳಬೇಡ. ಸ್ಟೀರಿಂಗ್ ತಿರುಗಿಸುವುದು ನಿನ್ನ ಕೈ. ಅದಕ್ಕೆ ನಿಮಿಷಕ್ಕೆ 300 ಸುತ್ತು ಧಾರಾಳವಾಯಿತು. ಈ ಮೋಟರಿನ ದುಡಿಮೆಯೆಲ್ಲ ಹೆಚ್ಚೂಕಡಿಮೆ ನಿಂತಲ್ಲೇ. ಉದ್ದನೆಯ ತಿರುವಿನಲ್ಲಿ ನೀನು ಹಿಡಿದಷ್ಟು ಹೊತ್ತೂ ಅದು ನಿನಗೆ ಎದುರಾಗಿ ಜಗ್ಗುತ್ತಿರಬೇಕು.

ಆ ಬಲಕ್ಕೊಂದು ಲೆಕ್ಕವಿದೆ. 8.27 ಅನ್ನು ಮೋಟರಿನ ಕೆವಿ ಅಂಕಿಯಿಂದ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿಯಿಂದ, ಭಾಗಿಸು. ಆಂಪಿಯರಿಗೆ ಎಷ್ಟು ನ್ಯೂಟನ್ ಮೀಟರ್ ಎಂದು ತಿಳಿಯುತ್ತದೆ. ಡ್ರೋನಿನ 900 ಕೆವಿ ಮೋಟರಿನಲ್ಲಿ ಅದು 0.01 ಕೂಡ ಮುಟ್ಟದು. ಹೋವರ್‌ಬೋರ್ಡ್ ಚಕ್ರದೊಳಗಿನ ಮೋಟರ್ ಸುಮಾರು 16 ಕೆವಿ. ಆಂಪಿಯರಿಗೆ ಅರ್ಧ ನ್ಯೂಟನ್ ಮೀಟರ್, 20 ಆಂಪಿಯರಿಗೆ 10. ಇದು 30 ಸೆಂ.ಮೀ. ವ್ಯಾಸದ ಸ್ಟೀರಿಂಗಿನ ಅಂಚಿಗೆ ಏಳು ಕಿಲೋ ಕಟ್ಟಿ ಇಳಿಬಿಟ್ಟಷ್ಟು ಭಾರ. ಕಲಿಯುವವನಿಗೆ ಸಾಕು.

ಇಂಥದ್ದೇ ಸ್ಟೀರಿಂಗನ್ನು ತಾವೇ ಕಟ್ಟಿಕೊಳ್ಳುವ ಓಪನ್‌ಸಿಮ್‌ವೀಲ್ ಎಂಬ ಯೋಜನೆ ಹಿಡಿದು ಕಟ್ಟಿದ ಬಹಳ ಮಂದಿ ಹಿಡಿದದ್ದು ಮಿಗೆ ಕಂಪನಿಯ 130ಎಸ್‌ಟಿ-ಎಂ10010 ಸರ್ವೋ. ನಿರಂತರವಾಗಿ 10, ಕ್ಷಣಕಾಲ 20 ನ್ಯೂಟನ್ ಮೀಟರ್, ತಿರುಗಿದರೆ ಬೆಣ್ಣೆಯಂತೆ. ಹಣವಿದ್ದರೆ ಅದೇ ಒಳ್ಳೆಯದು. ಕಾರ್ಖಾನೆಯಿಂದ ಕಳಚಿದ ಹಳೆಯ ಸರ್ವೋ ಅಗ್ಗಕ್ಕೆ ಸಿಕ್ಕಿತೆಂದು ಮಾತ್ರ ಮರುಳಾಗಬೇಡ. ಅಂಥ ಹಲವು ಸರ್ವೋಗಳ ಎನ್‌ಕೋಡರ್, ಅಂದರೆ ಶಾಫ್ಟ್ ಎಷ್ಟು ತಿರುಗಿತೆಂದು ಹೇಳುವ ಭಾಗ, ತನ್ನ ಕಂಪನಿಯ ಡ್ರೈವ್ ಬಿಟ್ಟರೆ ಬೇರೆಯದಕ್ಕೆ ಓಗೊಡುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಗುಜರಿಯಲ್ಲೋ ಹೋವರ್‌ಬೋರ್ಡ್ ಮೋಟರ್ ಸಿಕ್ಕರೆ ಅಲ್ಲೇ ಪರೀಕ್ಷೆ ಮಾಡು. ಮೂರು ದಪ್ಪ ತಂತಿಗಳನ್ನು ಬಿಡಿಬಿಡಿಯಾಗಿಟ್ಟು ತಿರುಗಿಸು. ಆಗಲೇ ಬಿಗಿಯಾಗಿದ್ದರೆ ವೈಂಡಿಂಗ್ ಶಾರ್ಟ್ ಆಗಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಆಮೇಲೆ ಮೂರನ್ನೂ ಕೂಡಿಸಿ ತಿರುಗಿಸು. ಒಂದೇ ಸಮನೆ ಬಿಗಿಯಾಗಬೇಕು. ತಡೆತಡೆದು ಬಿಗಿಯಾದರೆ ಒಂದು ಫೇಸ್ ಕಡಿದಿದೆ ಎಂದು ತಿಳಿ. ಕೈಗೆ ಸಣ್ಣಗೆ ಕಟಕಟ ಅನ್ನಿಸುವುದು ಮ್ಯಾಗ್ನೆಟ್ಟಿನ ಕಾಗಿಂಗ್. ಎರಡು ಮೂರು ಮೋಟರ್ ತಿರುಗಿಸಿ ನೋಡಿ ಕಡಿಮೆ ಇರುವುದನ್ನು ತೆಗೆದುಕೋ. ಅದರ ಹಾಲ್ ಸೆನ್ಸರ್ ಒಂದು ಸುತ್ತನ್ನು ಬರೀ 90 ಭಾಗ ಮಾಡುತ್ತದೆ, ನಾಲ್ಕು ಡಿಗ್ರಿಗೊಂದು. ಸ್ಟೀರಿಂಗಿಗೆ ಅದು ಏನೇನೂ ಸಾಲದು. 14 ಬಿಟ್‌ನ ಮ್ಯಾಗ್ನೆಟಿಕ್ ಎನ್‌ಕೋಡರಿಗೆ ಈಗಲೇ ದುಡ್ಡು ಎತ್ತಿಡು.

ನನ್ನ ಮಾತು ಕೇಳುವುದಾದರೆ ಮೊದಲ ಸಲಕ್ಕೆ ಹೋವರ್‌ಬೋರ್ಡ್ ಮೋಟರೇ ಸರಿ. ಕರೆಂಟ್ ಕೊಡುವ ಮುಂಚೆ ಕೈಗೆಟುಕುವಲ್ಲಿ ಒಂದು ಎಮರ್ಜೆನ್ಸಿ ಸ್ಟಾಪ್ ಬಟನ್ ಕೂರಿಸು. ಮೊದಲ ದಿನ 2 ನ್ಯೂಟನ್ ಮೀಟರ್ ದಾಟಬೇಡ, ಹೆಬ್ಬೆರಳನ್ನು ಸ್ಟೀರಿಂಗಿನ ಒಳಗೆ ತೂರಿಸಿ ಹಿಡಿಯಬೇಡ.