ಮರದ ತೂಕ ಎಲ್ಲಿಂದ ಬಂತು?

ಕಿರುಪರೀಕ್ಷೆಯಲ್ಲಿ ದ್ಯುತಿಸಂಶ್ಲೇಷಣೆಯ ಸಮೀಕರಣ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆದರೆ ಅದೇ ವಾರ ಮನೆಯಲ್ಲಿ ಅಬ್ಬಾ ಕೇಳಿದ ಒಂದು ಪ್ರಶ್ನೆಗೆ ಉತ್ತರ ತೋಚಲಿಲ್ಲ.

ಅಬ್ಬಾ ಸಾಮಿಲ್‌ನಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ನಾನು ಫೋನ್ ಹಿಡಿದು ಕೂರುವುದು ಅವರಿಗೆ ಇಷ್ಟವಿರಲಿಲ್ಲ. "ನೋಡಿದ್ದರಲ್ಲಿ ಏನು ಕಲಿತೆ ಅಂತ ನನಗೆ ಹೇಳ್ಬೇಕು. ಹೇಳೋಕೆ ಬರದಿದ್ರೆ ಪರೀಕ್ಷೆ ಮುಗಿಯೋವರೆಗೂ ಫೋನ್ ಬೀರುವಿನಲ್ಲಿ" ಎಂದು ಷರತ್ತು ಹಾಕಿದರು.

ಆಗ ನಾನು ನೋಡುತ್ತಿದ್ದದ್ದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಸಂದರ್ಶನ. 1965ರಲ್ಲಿ ನೊಬೆಲ್ ಪಡೆದವರು. 1983ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಫನ್ ಟು ಇಮ್ಯಾಜಿನ್' ಸರಣಿಯಲ್ಲಿ ಅವರು ಕುರ್ಚಿಯಲ್ಲಿ ಕುಳಿತು ಸುಮ್ಮನೆ ಮಾತಾಡುತ್ತಾರೆ. ಬೋರ್ಡ್ ಇಲ್ಲ, ಸೂತ್ರಗಳಿಲ್ಲ. ಮರ ನೆಲದಿಂದಲ್ಲ, ಗಾಳಿಯಿಂದ ಬರುತ್ತದೆ. ಸೌದೆ ಉರಿಯುವಾಗ ಕಾಣುವ ಬೆಳಕು ಮರದೊಳಗೆ ಸೇರಿದ್ದ ಸೂರ್ಯನ ಬೆಳಕೇ ಎಂಬುದು ಅವರ ಮಾತಿನ ಸಾರ.

ಅಬ್ಬಾನಿಗೆ ಇದನ್ನೇ ಹೇಳಿದೆ. ಅವರು ನಕ್ಕರು. "ಗಾಳಿಯಿಂದ ಮರ ಆಗೋದಾದ್ರೆ ಗೊಬ್ಬರ ಯಾಕಪ್ಪಾ ಹಾಕ್ಬೇಕು?"

ನಾನು ಸುಮ್ಮನಾದೆ. ಎರಡು ದಿನ ಟೈಮ್ ಕೇಳಿ ಪುಸ್ತಕ ತೆಗೆದೆ.

ಮೊದಲು ಸಿಕ್ಕಿದ್ದು ವಾನ್ ಹೆಲ್ಮಾಂಟ್ ಎಂಬವರ ಹಳೆಯ ಪ್ರಯೋಗ. ಅವರು 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಗಿಡ ನೆಟ್ಟು, 5 ವರ್ಷ ನೀರು ಮಾತ್ರ ಹಾಕಿದರು. ಗಿಡದ ತೂಕ ಸುಮಾರು 169 ಪೌಂಡ್ ಆಯಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ! ಎಲ್ಲವೂ ನೀರಿನಿಂದಲೇ ಬಂತು ಎಂದು ಅವರು ತಿಳಿದರು. ಗಾಳಿಯ ಪಾಲು ಅವರಿಗೆ ಹೊಳೆಯಲಿಲ್ಲ. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ಬಂದದ್ದು. ಗೊಬ್ಬರದಿಂದ ಸಿಗುವ ಸಾರಜನಕ, ರಂಜಕ, ಪೊಟ್ಯಾಸಿಯಂ ತೂಕದಲ್ಲಿ ಸ್ವಲ್ಪವೇ. ಆದರೆ ಅವಿಲ್ಲದೆ ಗಿಡ ಬೆಳೆಯದು.

ಇದನ್ನು ಹೇಳುವಾಗ ಅಮ್ಮಿ ಮಧ್ಯೆ ಬಂದರು: "ಹೌದಲ್ಲ, ಹಂಡೆ ಒಲೆಗೆ ಅಷ್ಟು ಸೌದೆ ಹಾಕಿದ್ರೂ ಉಳಿಯೋದು ಎರಡು ಹಿಡಿ ಬೂದಿ." ಮಣ್ಣಿನಿಂದ ಬಂದ ಖನಿಜಗಳೇ ಆ ಬೂದಿ. ಉಳಿದದ್ದು ಮತ್ತೆ ಗಾಳಿಗೆ ಹೋಯಿತು. ಅಬ್ಬಾ ತಲೆಯಾಡಿಸಿ, "ಅಷ್ಟು ದೊಡ್ಡ ಮರದ ಸುತ್ತ ಮಣ್ಣು ಖಾಲಿಯಾಗಿದ್ದು ನಾನೂ ನೋಡಿಲ್ಲ" ಎಂದರು. ಫೋನ್ ಉಳಿಯಿತು.

ಇನ್ನೊಂದು ವಿಷಯ ಪುಸ್ತಕ ತೆರೆಯದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಬಿಸಿಲು ಇಂಗಾಲದಿಂದ ಆಮ್ಲಜನಕವನ್ನು ಬಿಡಿಸುತ್ತದೆ ಎಂಬಂತೆ ಫೈನ್‌ಮನ್ ಸರಳವಾಗಿ ವಿವರಿಸುತ್ತಾರೆ. ನಮ್ಮ ಜೀವಶಾಸ್ತ್ರ ಪುಸ್ತಕದ ಪ್ರಕಾರ, ಹೊರಬರುವ ಆಮ್ಲಜನಕ ನೀರಿನದು. ಸಮೀಕರಣದ ಎಡಬದಿಯಲ್ಲಿ 12 ನೀರಿನ ಅಣು, ಬಲಬದಿಯಲ್ಲಿ 6 ನೀರಿನ ಅಣು ಇವೆ. ಎರಡೂ ಕಡೆ 6 ಕಳೆದು ಬರೆಯಬಾರದೇಕೆ ಎಂದು ನಾನು ಯೋಚಿಸಿರಲೇ ಇಲ್ಲ. ಹೊರಬರುವ 6 ಆಮ್ಲಜನಕದ ಅಣುಗಳಲ್ಲಿ 12 ಪರಮಾಣುಗಳಿವೆ. ಅವೆಲ್ಲ ನೀರಿನಿಂದಲೇ ಬರಬೇಕಾದರೆ 12 ನೀರಿನ ಅಣು ಬೇಕೇಬೇಕು. ಪೂರ್ತಿ ಅಂಕ ಪಡೆದಿದ್ದ ಸಮೀಕರಣ ನನಗೆ ಅರ್ಥವಾದದ್ದು ಆಗಲೇ.

ಗೆಳೆಯರೇ, ಸಂದರ್ಶನ ನೋಡಲು ನಾನೀಗ ಅನುಸರಿಸುವ ಕ್ರಮ ಇದು:

1. ಪ್ರಶ್ನೆ ಕೇಳಿದ ಕೂಡಲೇ ವಿಡಿಯೋ ನಿಲ್ಲಿಸಿ, ನನ್ನ ಉತ್ತರವನ್ನು ಬರೆದುಕೊಳ್ಳುತ್ತೇನೆ.
2. ಕನ್ನಡ ಮಾಧ್ಯಮದಿಂದ ಬಂದವನಾದ್ದರಿಂದ ಇಂಗ್ಲಿಷ್ ವೇಗ ಕಷ್ಟ. ಸಬ್‌ಟೈಟಲ್ ಹಾಕಿ, ವೇಗ ತಗ್ಗಿಸಿ ಕೇಳುತ್ತೇನೆ.
3. ಹೊಸ ವಿಷಯವನ್ನು ವಿಜ್ಞಾನ ಓದದವರಿಗೆ ಹೇಳುತ್ತೇನೆ. ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ನನಗೂ ಗೊತ್ತಿಲ್ಲವೆಂದರ್ಥ.
4. ಹೇಳಿದವರು ಎಷ್ಟೇ ದೊಡ್ಡವರಿರಲಿ, ಪಠ್ಯಪುಸ್ತಕದೊಂದಿಗೆ ಹೋಲಿಸಿ ನೋಡುತ್ತೇನೆ. ವ್ಯತ್ಯಾಸ ಕಂಡರೆ ಉಪನ್ಯಾಸಕರನ್ನು ಕೇಳುತ್ತೇನೆ.

ಮೊನ್ನೆ ಅಬ್ಬಾ ಇನ್ನೊಂದು ಪ್ರಶ್ನೆ ಕೊಟ್ಟಿದ್ದಾರೆ: ತೇಗವನ್ನು ಗೆದ್ದಲು ಯಾಕೆ ಸುಲಭವಾಗಿ ತಿನ್ನುವುದಿಲ್ಲ? ಈ ವಾರ ಅದನ್ನೇ ಹುಡುಕುತ್ತಿದ್ದೇನೆ.