ನಮ್ಮ ಮನೆಯ ಕಿಟಕಿಗಳ ಲೆಕ್ಕ

ಭಾಯಿಜಾನ್ ಮದುವೆಗೆ ಮೊದಲು ಮಹಡಿಯ ಮೇಲೊಂದು ಕೋಣೆ ಮುಗಿಯಬೇಕು. ಗೋಡೆ ಸೊಂಟದವರೆಗೆ ಎದ್ದಿದೆ. ಚೌಕಟ್ಟು ಯಾವುದೆಂದು ಹೇಳಿದ ಮೇಲೆಯೇ ಮುಂದಿನ ಸಾಲು ಎಂದು ಗಾರೆಯವರು ಕೆಲಸ ನಿಲ್ಲಿಸಿದ್ದಾರೆ. ಅಬ್ಬಾಗೆ ಯುಪಿವಿಸಿ ಇಷ್ಟ, ಭಾಯಿಜಾನ್‌ಗೆ ಅಲ್ಯೂಮಿನಿಯಂ. ದಾದಿ ಮಾತ್ರ ತಮ್ಮ ಹಳೆಯ ಮನೆ ಕೆಡವಿದಾಗ ತಂದಿಟ್ಟ ಸಾಗುವಾನಿ ಕಿಟಕಿಗಳನ್ನು ಬಿಟ್ಟು ಹೊಸದು ತರುವುದು ಇಸ್ರಾಫ್, ಅಂದರೆ ದುಂದು, ಎಂದು ಹಟ ಹಿಡಿದಿದ್ದಾರೆ. "ಕಾಮರ್ಸ್ ಓದುತ್ತೀಯಲ್ಲ, ನೀನೇ ಲೆಕ್ಕ ಹಾಕು" ಎಂದರು ಅಬ್ಬಾ.

ಅಂಗಡಿಯಲ್ಲಿ ಕೇಳಿದ ಬೆಲೆ ಹಿಡಿದು, ಆಯುಷ್ಯ 25 ವರ್ಷ ಎಂದುಕೊಂಡು, ತರಗತಿಯಲ್ಲಿ ಕಲಿತ ಸವಕಳಿ ಲೆಕ್ಕ ಮಾಡಿದೆ. ಯುಪಿವಿಸಿ ಕಿಟಕಿಗೆ 9,000 ರೂಪಾಯಿ, ವರ್ಷಕ್ಕೆ 360. ಹಳೆಯ ಮರ ಬಿಟ್ಟಿ ಎಂದುಕೊಂಡಿದ್ದೆ. ಆದರೆ ಒಂದೊಂದನ್ನೂ 2,500ಕ್ಕೆ ಕೊಳ್ಳಲು ಮರದ ವ್ಯಾಪಾರಿ ಸಿದ್ಧನಿದ್ದಾನೆ. ಮಾರದೆ ಇಟ್ಟುಕೊಂಡರೆ ಅದೂ ನಮ್ಮ ವೆಚ್ಚವೇ. ರಿಪೇರಿಗೆ 2,500, ಮೂರು ವರ್ಷಕ್ಕೊಮ್ಮೆ ಎಣ್ಣೆ-ಬಣ್ಣಕ್ಕೆ 500ರಂತೆ ಎಂಟು ಸಲ. ಒಟ್ಟು 9,000. ಇಲ್ಲೂ 360! ದಾದಿಗೆ ಹೇಗೆ ಹೇಳಲಿ ಎಂದು ಕೂತಿದ್ದೆ. ಆಮೇಲೆ ಹೊಳೆಯಿತು, ಉಳಿಕೆ ಮೌಲ್ಯವನ್ನೇ ಕಳೆದಿರಲಿಲ್ಲ. ಸಾಗುವಾನಿಗೆ ಆಗಲೂ 2,500 ಸಿಕ್ಕೇ ಸಿಗುತ್ತದೆ ಎಂದು ಹಿಡಿದರೆ ವರ್ಷಕ್ಕೆ 260. ಅಲ್ಯೂಮಿನಿಯಂಗೆ 7,000 ಬೆಲೆ, ಗುಜರಿಗೆ 500 ಬಂದರೆ ಅದೂ 260. ಯುಪಿವಿಸಿಯನ್ನು ನಮ್ಮ ಬೀದಿಯ ಗುಜರಿಯವರು ಮುಟ್ಟುವುದೇ ಇಲ್ಲ.

ರೂಪಾಯಿಯಲ್ಲಿ ಎರಡೂ ಸಮ. ಇನ್ನು ರೂಪಾಯಿಯಲ್ಲಿ ಕಾಣದ ಖರ್ಚು ನೋಡಬೇಕು.

ಅದಿರಿನಿಂದ ಬರುವ ಅಲ್ಯೂಮಿನಾವನ್ನು ಕರಗಿಸಿ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಕಿಟಕಿಗೆ ಐದು ಕಿಲೋ ಎಂದರೆ 70 ಯೂನಿಟ್. ಹೋದ ತಿಂಗಳು ನಮ್ಮ ಇಡೀ ಮನೆ ಸುಟ್ಟದ್ದು 68! ಹಳೆಯ ಅಲ್ಯೂಮಿನಿಯಂ ಕರಗಿಸಿದರೆ ಇದರ ಶೇಕಡಾ 5ರಷ್ಟು ಶಕ್ತಿ ಸಾಕು. ಗುಜರಿಯವರು ಅದನ್ನು ಬಿಡದಿರುವುದು ಸುಮ್ಮನಲ್ಲ.

ಯುಪಿವಿಸಿಯ ತೂಕದಲ್ಲಿ ಸುಮಾರು ಅರ್ಧ ಉಪ್ಪಿನಿಂದ ಬಂದ ಕ್ಲೋರಿನ್. ಉಳಿದದ್ದು ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದು. ಗೆದ್ದಲು ಹಿಡಿಯದು, ಬಣ್ಣ ಬೇಡ, ಶಾಖವನ್ನೂ ತಡೆಯುತ್ತದೆ. ಆದರೆ ಕಸದ ಜೊತೆ ಸುಟ್ಟರೆ ವಿಷದ ಹೊಗೆ. ಕೊಳ್ಳುವವರು ಸೀಸವಿಲ್ಲದ್ದನ್ನೇ ಕೇಳಿ ಪಡೆಯಬೇಕು.

ಮರ ಬೆಳೆಯುವಾಗ ಹೀರಿದ ಇಂಗಾಲ ಅದರೊಳಗೇ ಇರುತ್ತದೆ. ಒಣಮರದ ತೂಕದಲ್ಲಿ ಸುಮಾರು ಅರ್ಧ ಅದೇ. ಹೊಸ ಸಾಗುವಾನಿ ಎಂದರೆ ಹತ್ತಾರು ವರ್ಷ ಬೆಳೆದ ಮರ ಕಡಿಯಬೇಕು. ಹಳೆಯದಕ್ಕೆ ಆ ಮರ ಬಿದ್ದು ಎಷ್ಟೋ ಕಾಲವಾಯಿತು. ಶಾಖ ಅಲ್ಯೂಮಿನಿಯಂನಲ್ಲಿ ಮರಕ್ಕಿಂತ ಸುಮಾರು ಸಾವಿರ ಪಟ್ಟು ಸಲೀಸಾಗಿ ಹರಿಯುತ್ತದೆ. ಹಾಗೆಂದು ಮರ ಹಾಕಿದೊಡನೆ ಕೋಣೆ ತಂಪಾಗದು. ಬಿಸಿಲು ಹೆಚ್ಚಾಗಿ ಬರುವುದು ಗಾಜಿನಿಂದ. ಪಶ್ಚಿಮಕ್ಕೆ ಸಜ್ಜಾ ಬೇಕೇ ಬೇಕು.

ಮರದ ಮಿಸ್ತ್ರಿ ಬಂದು ಪ್ರತಿ ಚೌಕಟ್ಟಿಗೂ ಉಳಿಯ ತುದಿ ಚುಚ್ಚಿ ನೋಡಿದರು. ಮೂರು ಗಟ್ಟಿ ಇವೆ. ಒಂದರ ಕೆಳಪಟ್ಟಿಯನ್ನು ಗೆದ್ದಲು ಪೂರ್ತಿ ತಿಂದಿದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಕ್ಕಳು ಹತ್ತಿರ ಬಾರದಿರಲಿ ಎಂದು ನಾನು ಹೇಳಿದ್ದಕ್ಕೆ ಅವರು ನಕ್ಕರೂ ಬಕೆಟ್ ತರಿಸಿದರು.

ಮೂರು ಕಿಟಕಿ ದಾದಿಯವು. ನಾಲ್ಕನೆಯದು ಸ್ನಾನದ ಮನೆಯದು, ಸದಾ ತೇವ, ಅಲ್ಲಿಗೆ ಅಲ್ಯೂಮಿನಿಯಂ. ಗಾರೆಯವರು ಶನಿವಾರ ಬರುತ್ತಾರೆ.