ಕಟ್ಟಿದ ಮೂಗಿಗೆ ಮದ್ದು ಹುಡುಕುವ ಮೊದಲು

ನೆಗಡಿಯಿಂದ ಕಟ್ಟಿದ ಮೂಗು ವಾರ, ಹತ್ತು ದಿನಗಳಲ್ಲಿ ತಾನಾಗಿ ಬಿಡುತ್ತದೆ. ಕೆಲವರಿಗೆ ಅದು ಬಿಡುವುದೇ ಇಲ್ಲ. ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿ ಬೆಳಗ್ಗೆ ಗಂಟಲು ಒಣಗಿ ಏಳುತ್ತಾರೆ, ಒಗ್ಗರಣೆಯ ಘಮವೂ ತಿಳಿಯದಂತಾಗುತ್ತದೆ. ಅಂಥವರು ಬಂದು ‘ಯಾವ ಔಷಧಿ ಒಳ್ಳೆಯದು?’ ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಮೂಗು ಯಾಕೆ ಕಟ್ಟಿದೆ ಎಂಬುದು.

ಮೂಗಿನ ಒಳಗೆ ನಡುವೆ ಒಂದು ಗೋಡೆಯಿದೆ, ಸೆಪ್ಟಮ್. ಎರಡೂ ಪಕ್ಕಗಳಿಂದ ಒಳಕ್ಕೆ ಚಾಚಿಕೊಂಡ ಮಡಿಕೆಗಳಿವೆ, ಟರ್ಬಿನೇಟ್‌ಗಳು. ಇವುಗಳ ಮೇಲಿನ ಮೆತ್ತನೆಯ ಪೊರೆಯಲ್ಲಿ ರಕ್ತ ತುಂಬಿದರೆ ಊದುತ್ತದೆ, ಇಳಿದರೆ ದಾರಿ ತೆರೆಯುತ್ತದೆ. ಆರೋಗ್ಯವಂತರಲ್ಲೂ ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆ ಬಿಗಿದು ಇನ್ನೊಂದು ಸಡಿಲವಾಗುತ್ತಿರುತ್ತದೆ. ಜರ್ಮನಿಯ ರಿಚರ್ಡ್ ಕೈಸರ್ ಇದನ್ನು 1895ರಲ್ಲೇ ವಿವರಿಸಿದ್ದರು. ಹಾಗಾಗಿ ನೀವೇ ಗಮನಿಸಿ: ಒಮ್ಮೆ ಎಡ, ಒಮ್ಮೆ ಬಲ ಕಟ್ಟುತ್ತಿದ್ದರೆ ತೊಂದರೆ ಬಹುಮಟ್ಟಿಗೆ ಪೊರೆಯ ಊತದ್ದು. ಸದಾ ಒಂದೇ ಪಕ್ಕ ಕಟ್ಟಿದ್ದರೆ ಗೋಡೆ ಸೊಟ್ಟಗಿರಬಹುದು, ಅಥವಾ ಒಳಗೆ ಏನೋ ಬೆಳೆದಿರಬಹುದು.

ಊತಕ್ಕೆ ಮುಖ್ಯ ಕಾರಣ ಅಲರ್ಜಿ. ಹಾಸಿಗೆಯ ದೂಳಿನ ಹುಳ, ಜಿರಲೆ, ಖಾಲಿ ಸೈಟುಗಳಲ್ಲಿ ಎದೆಮಟ್ಟ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಸೆಟಿರಿಜಿನ್‌ನಂಥ ಮಾತ್ರೆ ಸೀನು, ತುರಿಕೆ, ನೀರು ಸುರಿಯುವುದನ್ನು ತಗ್ಗಿಸುತ್ತದೆ, ಕಟ್ಟಿದ್ದನ್ನು ಅಷ್ಟಾಗಿ ಬಿಡಿಸುವುದಿಲ್ಲ. ಆ ಕೆಲಸ ಚೆನ್ನಾಗಿ ಮಾಡುವುದು ಮೊಮೆಟಾಸೋನ್, ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್ ಸ್ಪ್ರೇ. ಸ್ಟಿರಾಯ್ಡ್ ಎಂದ ಕೂಡಲೇ ಹೆದರುವವರಿಗೆ ಹೇಳುತ್ತೇನೆ: ಒಂದು ಒತ್ತಿಗೆ ಬರುವುದು ಕೆಲವು ಹತ್ತು ಮೈಕ್ರೋಗ್ರಾಂ ಮಾತ್ರ, ಈ ಔಷಧಿಗಳಲ್ಲಿ ರಕ್ತಕ್ಕೆ ಸೇರುವ ಪಾಲು ಅತ್ಯಲ್ಪ. ಆದರೆ ಪೂರ್ತಿ ಗುಣ ಕಾಣಲು ಎರಡು ವಾರವಾದರೂ ಬೇಕು. ನಾಲ್ಕು ದಿನ ಹೊಡೆದು ಬಿಟ್ಟವರು ‘ಕೆಲಸ ಮಾಡಲಿಲ್ಲ’ ಎನ್ನುತ್ತಾರೆ.

ಸ್ಪ್ರೇ ಹೊಡೆಯುವ ಕ್ರಮವನ್ನು ಯಾರೂ ಕಲಿಸುವುದಿಲ್ಲ, ಆದ್ದರಿಂದ ಇಲ್ಲಿ ನಿಧಾನವಾಗಿ ನೋಡೋಣ. ತಲೆಯನ್ನು ಹಿಂದಕ್ಕೆ ಎತ್ತಬೇಡಿ, ತುಸು ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ಬಾಟಲಿಯ ತುದಿ ತಾನಾಗಿ ಹೊರಗಡೆಗೆ, ಅದೇ ಪಕ್ಕದ ಕಣ್ಣಿನ ಹೊರಮೂಲೆಯತ್ತ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಅದು ಒಣಗಿ ರಕ್ತ ಬರಬಹುದು. ಒತ್ತುವಾಗ ಮೆಲ್ಲಗೆ ಉಸಿರೆಳೆದುಕೊಳ್ಳಿ. ಜೋರಾಗಿ ಎಳೆದರೆ ಔಷಧಿ ಗಂಟಲು ಸೇರುತ್ತದೆ.

ಇನ್ನೊಂದು ಬಗೆಯ ಬಾಟಲಿಯ ಬಗ್ಗೆ ಎಚ್ಚರ ಬೇಕು. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಡ್ರಾಪ್ಸ್ ಹಾಕಿದ ನಿಮಿಷಗಳಲ್ಲೇ ಮೂಗು ತೆರೆದುಕೊಳ್ಳುತ್ತದೆ. ನೆಗಡಿಯಲ್ಲಿ ಮೂರು ದಿನ, ಹೆಚ್ಚೆಂದರೆ ಐದು ದಿನ ಸರಿ. ಮುಂದುವರಿಸಿದರೆ ಔಷಧಿಯ ಪ್ರಭಾವ ಇಳಿದಾಗಲೆಲ್ಲ ಪೊರೆ ಮೊದಲಿಗಿಂತ ಹೆಚ್ಚು ಊದುತ್ತದೆ, ಮತ್ತೆ ಹಾಕಲೇಬೇಕಾಗುತ್ತದೆ. ದಿಂಬಿನ ಪಕ್ಕದಲ್ಲಿ ಆ ಬಾಟಲಿ ಇಲ್ಲದೆ ನಿದ್ದೆ ಬಾರದವರು ಕಡಿಮೆಯಿಲ್ಲ. ಇದರಿಂದ ಖಂಡಿತ ಹೊರಬರಬಹುದು. ವೈದ್ಯರು ಸಾಮಾನ್ಯವಾಗಿ ಸ್ಟಿರಾಯ್ಡ್ ಸ್ಪ್ರೇ ಶುರುಮಾಡಿಸಿ ಡ್ರಾಪ್ಸ್ ಬಿಡಿಸುತ್ತಾರೆ. ಮೊದಲ ಕೆಲವು ರಾತ್ರಿಗಳು ಮಾತ್ರ ಕಷ್ಟ.

ಜಲನೇತಿ ನಮ್ಮವರಿಗೆ ಹೊಸದಲ್ಲ, ವೈದ್ಯರೂ ಅದನ್ನು ಒಪ್ಪುತ್ತಾರೆ. ಅರ್ಧ ಲೀಟರ್ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು, ಉಗುರುಬೆಚ್ಚಗಿರಲಿ. ಲೋಳೆಯೂ ದೂಳೂ ತೊಳೆದುಹೋಗುತ್ತವೆ, ಆಮೇಲೆ ಹೊಡೆದ ಸ್ಪ್ರೇ ಚೆನ್ನಾಗಿ ತಾಗುತ್ತದೆ. ನೀರನ್ನು ಕುದಿಸಿ ಆರಿಸಿಯೇ ಬಳಸಿ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು, ಮೂಗಿನ ಮೂಲಕ ಮಿದುಳು ಸೇರಿದ ಅಮೀಬಾದಿಂದ ಸತ್ತರು. ಬಲು ಅಪರೂಪದ ಸೋಂಕು, ಆದರೆ ಕುದಿಸಿದ ನೀರಿನಲ್ಲಿ ಆ ಭಯವೇ ಇಲ್ಲ.

ಹಬೆ ತೆಗೆದುಕೊಂಡರೆ ಸ್ವಲ್ಪ ಹೊತ್ತು ಹಿತ. ಮೆಂಥಾಲ್ ಮುಲಾಮು ತಂಪನ್ನು ಗುರುತಿಸುವ ನರಗಳನ್ನು ಪ್ರಚೋದಿಸುವುದರಿಂದ ಮೂಗು ತೆರೆದಂತೆ ಅನ್ನಿಸುತ್ತದೆ, ದಾರಿ ನಿಜವಾಗಿ ಅಗಲವಾಗಿರುವುದಿಲ್ಲ.

ಗೋಡೆ ಸೊಟ್ಟಗಿರುವುದು ಬಹಳ ಜನರಲ್ಲಿ ಇದ್ದದ್ದೇ. ಸ್ಕ್ಯಾನ್‌ನಲ್ಲಿ ಕಂಡಿತೆಂದು ಆಪರೇಷನ್ ಬೇಡ, ಉಸಿರಿಗೆ ಅದೇ ಅಡ್ಡಿ ಎಂದು ಖಾತ್ರಿಯಾದರೆ ಸೆಪ್ಟೋಪ್ಲಾಸ್ಟಿ ಒಳ್ಳೆಯ ಪರಿಹಾರ. ಅಲರ್ಜಿ ಅದರಿಂದ ಹೋಗುವುದಿಲ್ಲ, ಸ್ಪ್ರೇ ಮುಂದುವರಿಸಬೇಕಾಗಬಹುದು. ಊದಿದ ಟರ್ಬಿನೇಟ್‌ಗಳನ್ನು ಕುಗ್ಗಿಸಲೂಬಹುದು, ಆದರೆ ಅತಿಯಾಗಿ ಕತ್ತರಿಸಿದರೆ ದಾರಿ ವಿಶಾಲವಾಗಿದ್ದರೂ ಉಸಿರು ಸಾಲದ ಸಂಕಟ ಉಳಿಯಬಹುದು. ಜನ ದುರ್ಮಾಂಸ ಎನ್ನುವ ಪಾಲಿಪ್‌ಗಳಿಗೂ ಮೊದಲು ಸ್ಪ್ರೇ, ಸಾಲದಿದ್ದರೆ ಎಂಡೋಸ್ಕೋಪ್ ಬಳಸಿ ಶಸ್ತ್ರಚಿಕಿತ್ಸೆ. ಮತ್ತೆ ಬೆಳೆಯುವುದು ಅವುಗಳ ಸ್ವಭಾವ. ಹಾಗೆ ಮರಳಿ ಮರಳಿ ಬೆಳೆಯುವವರಿಗೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದನ್ನು ಅಮೆರಿಕ 2019ರಲ್ಲಿ ಒಪ್ಪಿತು, ಬೆಲೆ ಮಾತ್ರ ತುಂಬ ದುಬಾರಿ.

ಒಂದೇ ಪಕ್ಕ ಕಟ್ಟಿ ರಕ್ತವೂ ಬರುತ್ತಿದ್ದರೆ ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಕ್ಕಳಲ್ಲಿ ಮೂಗಿನ ಹಿಂಭಾಗದ ಅಡಿನಾಯ್ಡ್ ಎಂಬ ಗ್ರಂಥಿ ಬೆಳೆದಿರಬಹುದು. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತಿದ್ದರೆ ಅದು ಮಣಿಯನ್ನೋ ಕಡಲೆಯನ್ನೋ ತುರುಕಿಕೊಂಡಿರುವ ಸಾಧ್ಯತೆ ಹೆಚ್ಚು. ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಅದು ಇನ್ನೂ ಒಳಕ್ಕೆ ಸರಿಯುತ್ತದೆ. ಬಟನ್ ಬ್ಯಾಟರಿ ಇರಬಹುದೆಂಬ ಅನುಮಾನ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಅದು ಕೆಲವೇ ಗಂಟೆಗಳಲ್ಲಿ ಮೂಗಿನ ಗೋಡೆಯನ್ನು ಸುಡುತ್ತದೆ.